ಕರಿಯನ ಕಿಡ್ನಿಗೆ ಒಂದೂವರೆ ಲಕ್ಷ: ಹಾಕಬೇಕಾ, ಬೇಡವಾ?

ಪ್ರಶ್ನೆ: ಡಾಕ್ಟರೇ, ನಮ್ಮ ಕರಿಯನಿಗೆ ಎಂಟು ವರ್ಷ. ಜಾತಿ ನಾಯಿ ಅಲ್ಲ. ಮರಿಯಾಗಿದ್ದಾಗ ಮಗಳು ಬಸ್ ಸ್ಟ್ಯಾಂಡ್ ಹತ್ತಿರದಿಂದ ಎತ್ತಿಕೊಂಡು ಬಂದಿದ್ದಳು. ಐದು ದಿನದಿಂದ ವಾಂತಿ ಮಾಡುತ್ತಿದ್ದಾನೆ, ಅನ್ನ ಮುಟ್ಟುತ್ತಿಲ್ಲ, ಮಂಕಾಗಿ ಮಲಗಿರುತ್ತಾನೆ. ಇಲ್ಲಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು, ಕ್ರಿಯಾಟಿನಿನ್ 7.2 ಬಂತು. ಈಗ ದಿನಾ ಡ್ರಿಪ್ ಹಾಕುತ್ತಿದ್ದಾರೆ. ಕಿಡ್ನಿ ಫೇಲ್ ಆಗಿದೆ, ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿ ಎಂದಿದ್ದಾರೆ. ಫೋನ್ ಮಾಡಿ ಕೇಳಿದರೆ ಎಲ್ಲಾ ಸೇರಿ ಒಂದೂವರೆ ಲಕ್ಷ ಆಗಬಹುದು, ಗ್ಯಾರಂಟಿ ಹೇಳೋಕಾಗಲ್ಲ ಎಂದರು. ನಮ್ಮದು ಸಣ್ಣ ಅಂಗಡಿ. ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡು ಬಿಟ್ಟರೆ ಬೇರೆ ಇಲ್ಲ. ಅವಳು "ನನ್ನ ಸರ ಮಾರಿ" ಅನ್ನುತ್ತಾಳೆ. ನಮ್ಮತ್ತೆ "ಬೀದಿ ನಾಯಿಗೆ ಲಕ್ಷ ಸುರಿಯೋದುಂಟಾ" ಅನ್ನುತ್ತಾರೆ. ಪಕ್ಕದ ಮನೆಯವರು ದಯಾಮರಣದ ಇಂಜೆಕ್ಷನ್ ಕೊಡಿಸಿಬಿಡಿ ಅನ್ನುತ್ತಾರೆ. ನಮ್ಮ ಯಜಮಾನರು ಮಾತೇ ಆಡುತ್ತಿಲ್ಲ. ದುಡ್ಡಿಗೋಸ್ಕರ ಬಿಟ್ಟುಬಿಟ್ಟರೆ ಪಾಪ ಸುತ್ತಿಕೊಳ್ಳುತ್ತಾ? ಮನೆಯಲ್ಲಿ ಇನ್ನೊಂದು ಹೆಣ್ಣು ನಾಯಿಯೂ ಇದೆ.
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಸಿಕ್ಕಿದ ದಿನವೇ ಚಿಕ್ಕದಾಗಿ ಉತ್ತರ ಕಳಿಸಿದ್ದೆ. ಡ್ರಿಪ್ ನಿಲ್ಲಿಸಬೇಡಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಇಲಿ ಜ್ವರದ ಪರೀಕ್ಷೆಗೆ ರಕ್ತ ಮತ್ತು ಮೂತ್ರ ಕಳಿಸಿ, ಅವನ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು. ಕಿಡ್ನಿಯ ವಿಷಯದಲ್ಲಿ ಉದ್ದದ ಉತ್ತರ ಬರೆದು ಮುಗಿಸುವವರೆಗೆ ಕಾಯುವ ಹಾಗಿಲ್ಲ. ಇಲ್ಲಿ ಬರೆಯುತ್ತಿರುವುದು ಆ ನಾಲ್ಕು ಸಾಲಿನ ಹಿಂದಿನ ಲೆಕ್ಕಾಚಾರ. ಇದೇ ಪ್ರಶ್ನೆ ಇಟ್ಟುಕೊಂಡು ರಾತ್ರಿಯೆಲ್ಲಾ ನಿದ್ದೆಗೆಡುವ ಮನೆಗಳು ಬೇಕಾದಷ್ಟಿವೆ.

ಒಂದೂವರೆ ಲಕ್ಷ ಹಾಕಬೇಕಾ ಬೇಡವಾ ಎನ್ನುವುದು ನಿಮ್ಮ ಪ್ರಶ್ನೆ. ಅದಕ್ಕೂ ಮುಂಚೆ ಒಂದು ವಿಷಯ ತಿಳಿಯಬೇಕು. ಆ ದುಡ್ಡಿಗೆ ಸಿಗುವುದೇನು? ಕಾಯಿಲೆ ವಾಸಿಯಾಗುತ್ತದೆಯೇ? ವಾಸಿಯಾಗದಿದ್ದರೂ ನೆಮ್ಮದಿಯ ಕೆಲವು ತಿಂಗಳು ಸಿಗುತ್ತವೆಯೇ? ಅಥವಾ ತೀರ್ಮಾನವನ್ನು ನಾಲ್ಕು ದಿನ ಮುಂದೂಡಿದ್ದಷ್ಟೇ ಲಾಭವೇ? ಮೊದಲ ಎರಡಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಆದರೆ ಜನ ಜಾಸ್ತಿ ದುಡ್ಡು ಸುರಿಯುವುದು ಮೂರನೆಯದಕ್ಕೆ. ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನಕ್ಕೆ. ಆ ಸಮಾಧಾನದ ಬೆಲೆಯನ್ನು ನಾಯಿಯೂ ಕಟ್ಟುತ್ತದೆ, ಪಂಜರದಲ್ಲಿ, ಸೂಜಿ ಚುಚ್ಚಿಸಿಕೊಂಡು.

ನಿಮ್ಮ ಪತ್ರದಲ್ಲಿರುವ ಮಾಹಿತಿಯಿಂದ ಕರಿಯ ಈ ಮೂರರಲ್ಲಿ ಯಾವ ಕಡೆ ಇದ್ದಾನೆ ಎಂದು ಹೇಳಲು ಬರುವುದಿಲ್ಲ. 7.2 ಎನ್ನುವ ಅಂಕಿಯೊಂದರಿಂದ ಯಾರಿಗೂ ಬರುವುದಿಲ್ಲ.

ಅಂಕಿ ಜಾಸ್ತಿಯೇ, ಅದರಲ್ಲಿ ಅನುಮಾನವಿಲ್ಲ. ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕೊಳೆ. ನಾಯಿಗಳಲ್ಲಿ ಅದು 1.4ರ ಒಳಗಿದ್ದರೆ ಸಾಮಾನ್ಯ. 5 ದಾಟಿದರೆ, ಜಗತ್ತಿನ ಪಶುವೈದ್ಯರು ಬಳಸುವ ಪಟ್ಟಿಯ ಪ್ರಕಾರ ನಾಲ್ಕನೆಯ ಹಂತ, ಅಂದರೆ ಕೊನೆಯದು. ಆದರೆ ಆ ಪಟ್ಟಿ ಇರುವುದು ಹಳೆಯ ಕಿಡ್ನಿ ಕಾಯಿಲೆಗೆ, ಅದೂ ನಾಯಿಯ ಮೈಯಲ್ಲಿ ನೀರಿನಂಶ ಸರಿಯಿದ್ದಾಗ ನೋಡಿದ ಅಂಕಿಗೆ. ಐದು ದಿನ ವಾಂತಿ ಮಾಡಿಕೊಂಡು ಒಣಗಿಹೋದ ನಾಯಿಗೆ ಅದನ್ನು ಅನ್ವಯಿಸುವ ಹಾಗಿಲ್ಲ.

ಕ್ರಿಯಾಟಿನಿನ್ ಏರಲು ಹಲವು ದಾರಿಗಳಿವೆ. ಮೈಯಲ್ಲಿ ನೀರು ಕಡಿಮೆಯಾದರೆ ಏರುತ್ತದೆ, ಡ್ರಿಪ್ ಹಾಕಿದರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಗಂಡು ನಾಯಿಯ ಮೂತ್ರದ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡರೂ ಹೀಗೆಯೇ ಏರುತ್ತದೆ. ಅಲ್ಲಿ ತೂತು ಸಣ್ಣದು. ಕಾಲೆತ್ತಿ ನಿಂತೇ ಇರುತ್ತದೆ, ಹನಿ ಹನಿ ಬರುತ್ತದೆ, ಹೊಟ್ಟೆ ಗಟ್ಟಿಯಾಗಿರುತ್ತದೆ. ಕೊಳವೆ ಹಾಕಿ ಕಟ್ಟಿದ ಮೂತ್ರ ಹೊರಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಅಂಕಿ ಇಳಿಯುತ್ತದೆ. ಆಗ ಬೇಕಾಗುವುದು ಡಯಾಲಿಸಿಸ್ ಅಲ್ಲ, ಕಲ್ಲು ತೆಗೆಯುವುದು. ಇವೆರಡನ್ನು ಕಳೆದ ಮೇಲೆ ಉಳಿಯುವುದು ಕಿಡ್ನಿಯ ಸ್ವಂತ ಪೆಟ್ಟು. ಅದರಲ್ಲೂ ಎರಡು ಬಗೆ: ಮೊನ್ನೆ ಬಿದ್ದ ಪೆಟ್ಟು, ಮತ್ತು ವರ್ಷಗಳಿಂದ ಸದ್ದಿಲ್ಲದೆ ಸವೆದದ್ದು. ಕಿಡ್ನಿಯ ಕೆಲಸ ಮುಕ್ಕಾಲು ಪಾಲು ಕೆಟ್ಟ ಮೇಲೆಯೇ ಕ್ರಿಯಾಟಿನಿನ್ ಏರಲು ಶುರುವಾಗುವುದರಿಂದ, ಹಳೆಯ ಕಾಯಿಲೆಯೂ ಮನೆಯವರಿಗೆ "ಮೊನ್ನೆ ತನಕ ಚೆನ್ನಾಗಿದ್ದ" ಎಂದೇ ಕಾಣುತ್ತದೆ.

ಹೊಸದೋ ಹಳೆಯದೋ ಎಂದು ಕಂಡುಹಿಡಿಯುವುದು ಅಂಥ ಕಷ್ಟವಲ್ಲ, ದುಬಾರಿಯೂ ಅಲ್ಲ. ಸ್ಕ್ಯಾನಿನಲ್ಲಿ ಕಿಡ್ನಿ ಸುಕ್ಕುಗಟ್ಟಿ ಚಿಕ್ಕದಾಗಿ, ಅಂಚು ಏರುಪೇರಾಗಿ ಕಂಡರೆ ಹಳೆಯದು. ಗಾತ್ರ ಸರಿಯಿದ್ದು, ಅಥವಾ ಸ್ವಲ್ಪ ಊದಿಕೊಂಡಿದ್ದರೆ ಹೊಸದಿರಬಹುದು. ರಕ್ತ ತೀರಾ ಕಡಿಮೆಯಾಗಿ ವಸಡು ಬಿಳುಚಿಕೊಂಡಿದ್ದರೆ ಸಾಮಾನ್ಯವಾಗಿ ಹಳೆಯದು, ಯಾಕೆಂದರೆ ಕೆಂಪು ರಕ್ತಕಣ ಹುಟ್ಟಿಸು ಎಂದು ಮೂಳೆಯ ಮಜ್ಜೆಗೆ ಸೂಚನೆ ಕೊಡುವ ಹಾರ್ಮೋನು ಬರುವುದೂ ಕಿಡ್ನಿಯಿಂದಲೇ. ಇನ್ನು ನಿಮಗೇ ಗೊತ್ತಿರುವ ಸಾಕ್ಷಿಗಳಿವೆ. ಕಳೆದ ಆರು ತಿಂಗಳಲ್ಲಿ ಕರಿಯ ಸೊರಗಿದ್ದಾನಾ? ನೀರಿನ ಬಟ್ಟಲು ಬೇಗ ಬೇಗ ಖಾಲಿಯಾಗುತ್ತಿತ್ತಾ? ರಾತ್ರಿ ಎದ್ದು ಮೂತ್ರಕ್ಕೆ ಬಿಡಿ ಎಂದು ಬಾಗಿಲು ಕೆರೆಯುತ್ತಿದ್ದನಾ? ಮೂರಕ್ಕೂ ಹೌದು ಎಂದರೆ ಕಾಯಿಲೆ ಬಹಳ ದಿನದ್ದು. ಮೂರಕ್ಕೂ ಇಲ್ಲ ಎಂದರೆ ನನಗೆ ಆಸೆ ಹುಟ್ಟುತ್ತದೆ.

ಇನ್ನೊಂದು ಪ್ರಶ್ನೆ. ಸಿಟ್ಟು ಮಾಡಿಕೊಳ್ಳಬೇಡಿ, ಎಲ್ಲರಿಗೂ ಕೇಳುತ್ತೇನೆ. ಕುಂಟುತ್ತಿದ್ದಾನೆಂದೋ ಮೈ ಬಿಸಿಯಿದೆಯೆಂದೋ ಮನೆಯಲ್ಲಿದ್ದ ನೋವಿನ ಮಾತ್ರೆ ಕೊಟ್ಟಿದ್ದೀರಾ? ಡೈಕ್ಲೋಫೆನಾಕ್, ಐಬುಪ್ರೊಫೇನ್ ನಮಗೆ ದಿನನಿತ್ಯದ ಮಾತ್ರೆಗಳು, ನಾಯಿಯ ಕಿಡ್ನಿಗೆ ವಿಷ. ಒಣದ್ರಾಕ್ಷಿಯೂ ಹಾಗೆಯೇ. ಹಬ್ಬದ ಪಾಯಸ ನೆಕ್ಕಿಸುವವರು ಇದನ್ನು ನೆನಪಿಡಬೇಕು. ಕೊಟ್ಟಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಚಿಕಿತ್ಸೆಯ ದಾರಿ ಅದರ ಮೇಲೆ ನಿಂತಿರುತ್ತದೆ.

ಆದರೆ ನೀವು ಇರುವುದು ಶಿವಮೊಗ್ಗ. ಮಲೆನಾಡಿನ ಮಳೆ, ಗದ್ದೆ, ನಿಂತ ನೀರು, ಅಂಗಡಿಯ ಹಿಂದೆ ಇಲಿ. ನನ್ನ ಮೊದಲ ಅನುಮಾನ ಇಲಿ ಜ್ವರದ ಮೇಲೆ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿಯ ಮೂತ್ರ ಬೆರೆತ ನೀರನ್ನು ನಾಯಿ ಕುಡಿದರೆ ಅಥವಾ ಗಾಯದ ಕಾಲಿನಲ್ಲಿ ತುಳಿದರೆ ಬರುತ್ತದೆ. ನೇರವಾಗಿ ಕಿಡ್ನಿಗೆ, ಕೆಲವೊಮ್ಮೆ ಲಿವರಿಗೂ ಹೊಡೆಯುತ್ತದೆ. ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಇದರಲ್ಲಿ ಒಳ್ಳೆಯ ವಿಷಯ ಏನೆಂದರೆ, ಇದು ವಾಸಿಯಾಗುವ ಕಾಯಿಲೆ. ಬೇಗ ಹಿಡಿದರೆ ಹೆಚ್ಚಿನ ನಾಯಿಗಳು ಬದುಕುತ್ತವೆ. ಔಷಧವೂ ದೊಡ್ಡದಲ್ಲ: ಮೊದಲು ಪೆನಿಸಿಲಿನ್ ಜಾತಿಯ ಇಂಜೆಕ್ಷನ್, ವಾಂತಿ ನಿಂತು ತಿನ್ನಲು ಶುರುಮಾಡಿದ ಮೇಲೆ ಎರಡು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಜೊತೆಗೆ ಡ್ರಿಪ್. ಪರೀಕ್ಷೆಗೆ ರಕ್ತ ಮೂತ್ರವನ್ನು ಆದಷ್ಟು ಮಟ್ಟಿಗೆ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು. ಆದರೆ ಫಲಿತಾಂಶ ಬರಲಿ ಎಂದು ಔಷಧ ತಡಮಾಡುವ ಹಾಗಿಲ್ಲ. ಅನುಮಾನ ಬಂದ ಕೂಡಲೇ ಶುರುಮಾಡುವುದೇ ರೂಢಿ.

ಇದು ಮನುಷ್ಯರಿಗೂ ಹರಡುತ್ತದೆ. ಅದಕ್ಕೇ ಬರಿಗೈ ಬೇಡ ಎಂದಿದ್ದು. ಗ್ಲೌಸ್ ಹಾಕಿಕೊಳ್ಳಿ. ಮೂತ್ರ ಬಿದ್ದ ಜಾಗಕ್ಕೆ ಬ್ಲೀಚಿಂಗ್ ನೀರು ಹಾಕಿ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಬಂದರೆ ಡಾಕ್ಟರಿಗೆ "ನಾಯಿಗೆ ಇಲಿ ಜ್ವರದ ಅನುಮಾನ ಇದೆ" ಎಂದು ಬಾಯಿಬಿಟ್ಟು ಹೇಳಿ. ಅವರಾಗಿಯೇ ಕೇಳುತ್ತಾರೆ ಎಂದು ಕೂರಬೇಡಿ.

ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದಿಂದ ಬರುವ ಟಿಕ್ ಫೀವರನ್ನೂ ಮರೆಯಬಾರದು. ಅದೂ ಕಿಡ್ನಿಯ ಸೋಸುವ ಜರಡಿಯನ್ನು ಕೆಡಿಸುತ್ತದೆ, ಅದಕ್ಕೂ ಪರೀಕ್ಷೆಯಿದೆ, ಔಷಧವಿದೆ.

ಈಗ ಡಯಾಲಿಸಿಸ್ ವಿಷಯ. ಇದರ ಬಗ್ಗೆ ಒಂದು ದೊಡ್ಡ ತಪ್ಪು ಕಲ್ಪನೆಯಿದೆ. ಡಯಾಲಿಸಿಸ್ ಕಿಡ್ನಿಯನ್ನು ರಿಪೇರಿ ಮಾಡುವುದಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿ, ರಕ್ತವನ್ನು ಯಂತ್ರಕ್ಕೆ ಕಳಿಸಿ, ಕೊಳೆ ತೆಗೆದು ವಾಪಸ್ ಬಿಡುತ್ತದೆ, ಅಷ್ಟೇ. ಒಂದೊಂದು ಸಲಕ್ಕೂ ಗಂಟೆಗಟ್ಟಲೆ ನಾಯಿ ಅಲುಗಾಡದೆ ಮಲಗಿರಬೇಕು. ಕಿಡ್ನಿ ತನ್ನಷ್ಟಕ್ಕೆ ತಾನು ಚೇತರಿಸಿಕೊಳ್ಳುವವರೆಗೆ ನಾಯಿಯನ್ನು ಜೀವದಲ್ಲಿ ಇಟ್ಟಿರುವುದು ಅದರ ಕೆಲಸ. ಹಾಗಾಗಿ ಹೊಸ ಪೆಟ್ಟಿನಲ್ಲಿ ಅದಕ್ಕೆ ಅರ್ಥವಿದೆ. ಎರಡು ಮೂರು ವಾರ ದಾಟಿಸಿದರೆ ಕಿಡ್ನಿ ಎದ್ದು ನಿಲ್ಲಬಹುದು. ಹಳೆಯ ಕಾಯಿಲೆಯಲ್ಲಿ ಚೇತರಿಸಿಕೊಳ್ಳಲು ಕಿಡ್ನಿ ಉಳಿದೇ ಇರುವುದಿಲ್ಲ. ಮನುಷ್ಯರಾದರೆ ವಾರಕ್ಕೆ ಮೂರು ಸಲದ ಹಾಗೆ ವರ್ಷಗಟ್ಟಲೆ ಮಾಡಿಸುತ್ತಾರೆ, ಇಲ್ಲವೇ ಕಿಡ್ನಿ ಕಸಿ ಮಾಡಿಸುತ್ತಾರೆ. ನಾಯಿಗೆ ಆ ದಾರಿ ನಮ್ಮಲ್ಲಿಲ್ಲ. ಹಳೆಯ ಕಾಯಿಲೆಯ ಕೊನೆಯ ಹಂತದ ನಾಯಿಯನ್ನು ಡಯಾಲಿಸಿಸ್‌ಗೆಂದು ಬೆಂಗಳೂರಿಗೆ ಒಯ್ಯುವುದು, ನನ್ನ ಅಭಿಪ್ರಾಯದಲ್ಲಿ, ಮೇಲೆ ಹೇಳಿದ ಆ ಮೂರನೆಯ ಬಗೆಯ ಖರ್ಚು.

ಹೊಸ ಪೆಟ್ಟಾದರೂ ಎಲ್ಲ ನಾಯಿಗೂ ಡಯಾಲಿಸಿಸ್ ಬೇಕಾಗಿಲ್ಲ. ಇಲ್ಲಿ ನೋಡಬೇಕಾದ್ದು ಮೂತ್ರ. ಡ್ರಿಪ್ ಸರಿಯಾಗಿ ಹೋಗುತ್ತಿರುವಾಗ ಮೂತ್ರ ಕಿಲೋ ತೂಕಕ್ಕೆ ಗಂಟೆಗೆ ಒಂದು ಮಿಲಿಗಿಂತ ಕಡಿಮೆ ಆಗಬಾರದು. ಕರಿಯ ಇಪ್ಪತ್ತು ಕಿಲೋ ಇದ್ದಾನೆ ಎಂದುಕೊಂಡರೆ ದಿನಕ್ಕೆ ಸುಮಾರು ಅರ್ಧ ಲೀಟರ್. ಅಷ್ಟು ಬರುತ್ತಿದ್ದರೆ, ದಿನ ಬಿಟ್ಟು ದಿನ ನೋಡಿದ ಕ್ರಿಯಾಟಿನಿನ್ ಇಳಿಯುತ್ತಿದ್ದರೆ, ಡ್ರಿಪ್ಪಿನಲ್ಲೇ ಗೆಲ್ಲುವ ಸಾಧ್ಯತೆ ಚೆನ್ನಾಗಿದೆ. ಮೂತ್ರವೇ ಇಲ್ಲ, ಮೈ ಊದಿಕೊಳ್ಳುತ್ತಿದೆ, ಉಸಿರು ಭಾರವಾಗುತ್ತಿದೆ ಎಂದರೆ ಡ್ರಿಪ್ ಹಾಕುತ್ತಾ ಹೋಗುವುದೇ ಅಪಾಯ, ನೀರು ಶ್ವಾಸಕೋಶದಲ್ಲಿ ತುಂಬುತ್ತದೆ. ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯವೂ ನಿಲ್ಲಬಹುದು. ಆಗ ಉಳಿಯುವ ದಾರಿ ಡಯಾಲಿಸಿಸ್ ಒಂದೇ, ಅದೂ ಆದಷ್ಟು ಬೇಗ. ಮುನ್ನೂರು ಕಿಲೋಮೀಟರ್, ಆರೇಳು ತಾಸು ಕಾರಿನಲ್ಲಿ ಹೋಗಬೇಕು ಎನ್ನುವುದನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಬೆಂಗಳೂರಿಗೆ ಹೊರಡುವ ಮುಂಚೆ ನಿಮ್ಮ ಊರಿನಲ್ಲೇ ಇರುವುದನ್ನು ನೋಡಿ. ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜಿದೆ. ಜನ ದನದ ಆಸ್ಪತ್ರೆ ಅಂದುಕೊಂಡು ನಾಯಿ ಬೆಕ್ಕನ್ನು ಅಲ್ಲಿಗೆ ಒಯ್ಯುವುದೇ ಇಲ್ಲ. ಇಂಥ ಕಾಲೇಜು ಆಸ್ಪತ್ರೆಗಳು ಹಾಸನ, ಬೀದರ್, ಗದಗ, ಬೆಂಗಳೂರಿನ ಹೆಬ್ಬಾಳದಲ್ಲೂ ಇವೆ. ಖಾಸಗಿ ಆಸ್ಪತ್ರೆಗೆ ಹೋಲಿಸಿದರೆ ಶುಲ್ಕ ಕಡಿಮೆ, ಜೊತೆಗೆ ಒಂದೇ ಕಾಯಿಲೆಯನ್ನು ನಾಲ್ಕು ಜನ ತಲೆಕೆಡಿಸಿಕೊಂಡು ನೋಡುತ್ತಾರೆ. ಸರದಿಯಲ್ಲಿ ಕಾಯಬೇಕಾಗುತ್ತದೆ, ಅದೊಂದು ನಿಜ. ಡಯಾಲಿಸಿಸ್ ಬೇಕೇ ಆದರೆ ಚೆನ್ನೈನ ವೇಪೇರಿಯಲ್ಲಿರುವ ಮದ್ರಾಸ್ ಪಶುವೈದ್ಯ ಕಾಲೇಜು ಸರ್ಕಾರಿ ಸಂಸ್ಥೆ, ಅಲ್ಲಿ ನಾಯಿಗಳಿಗೆ ಆ ಸೌಲಭ್ಯವಿದೆ. ನಿಮಗೆ ದೂರ, ಆದರೆ ಕೋಲಾರ, ಹೊಸೂರು ಕಡೆಯ ಓದುಗರಿಗೆ ಉಪಯೋಗವಾಗಬಹುದು.

ದುಡ್ಡಿನ ವಿಷಯಕ್ಕೆ ಬರೋಣ. ಮಗಳ ಫೀಸಿನ ದುಡ್ಡು ಮುಟ್ಟಬೇಡಿ. ಸರವನ್ನೂ ಮಾರಬೇಡಿ. ಇದನ್ನು ಸುತ್ತಿ ಬಳಸಿ ಹೇಳಲು ನನಗಿಷ್ಟವಿಲ್ಲ. ಬಡ್ಡಿಗೆ ತಂದು, ಚೀಟಿಯನ್ನು ನಷ್ಟಕ್ಕೆ ಕೂಗಿ ನಾಯಿಗೆ ಚಿಕಿತ್ಸೆ ಮಾಡಿಸಿದ ಮನೆಗಳನ್ನು ಕಂಡಿದ್ದೇನೆ. ನಾಯಿ ಉಳಿದರೂ ಆ ಮನೆಯಲ್ಲಿ ಆಮೇಲೆ ನಡೆಯುವ ಜಗಳದಲ್ಲಿ ನಾಯಿಯ ಹೆಸರು ಬರುತ್ತಲೇ ಇರುತ್ತದೆ. ಕಳೆದುಕೊಂಡರೆ ಒಂದು ವರ್ಷದಲ್ಲಿ ಚೇತರಿಸಿಕೊಳ್ಳಬಹುದಾದಷ್ಟು ಮಾತ್ರ ಇದಕ್ಕೆ ಹಾಕಿ. ನಿಮ್ಮ ಮನೆಗೆ ಅದು ಹದಿನೈದು ಸಾವಿರ ಇರಬಹುದು, ಮೂವತ್ತು ಇರಬಹುದು. ಗಂಡ ಹೆಂಡತಿ ಕೂತು ಆ ಅಂಕಿಯನ್ನು ಚಿಕಿತ್ಸೆಗೆ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಡಿ. ನಡುವೆ ನಿಂತು ತೀರ್ಮಾನಿಸಲು ಹೋದರೆ "ಇಷ್ಟು ಹಾಕಿದ್ದೀವಿ, ಇನ್ನೊಂದು ಹತ್ತು ಸಾವಿರ ನೋಡೋಣ" ಎಂಬ ಮಾತು ಬಂದೇ ಬರುತ್ತದೆ. ಹೋದ ದುಡ್ಡು ಹೋಯಿತು. ನಾಳೆಯ ತೀರ್ಮಾನಕ್ಕೆ ಅದು ಕಾರಣವಾಗಬಾರದು.

ದುಡ್ಡಿನ ಜೊತೆ ದಿನವನ್ನೂ ಗೊತ್ತು ಮಾಡಿ. ಡಾಕ್ಟರನ್ನು ಹೀಗೆ ಕೇಳಿ: "ಈ ಚಿಕಿತ್ಸೆ ಕೆಲಸ ಮಾಡುತ್ತಿದೆ ಅಂತ ಎಷ್ಟು ದಿನದಲ್ಲಿ ಗೊತ್ತಾಗುತ್ತೆ? ಅಷ್ಟರಲ್ಲಿ ಯಾವ ಅಂಕಿ ಎಲ್ಲಿಗೆ ಬರಬೇಕು?" ಇದಕ್ಕೆ ಉತ್ತರ ಸಿಗಲೇಬೇಕು. ಮೂರು ದಿನ ಗಟ್ಟಿಯಾಗಿ ಡ್ರಿಪ್ ಹಾಕಿ ನೋಡೋಣ ಎನ್ನುವುದು ಒಂದು ಯೋಜನೆ. "ನೋಡ್ತಾ ಹೋಗೋಣ" ಎನ್ನುವುದು ಯೋಜನೆಯಲ್ಲ.

ಇನ್ನೂ ಕೆಲವನ್ನು ಕೇಳಲು ಸಂಕೋಚಪಡಬೇಡಿ. ಒಂದೂವರೆ ಲಕ್ಷದಲ್ಲಿ ಏನೇನು ಸೇರಿದೆ? ದಿನದ ವಾರ್ಡ್ ಚಾರ್ಜು, ರಕ್ತ ಪರೀಕ್ಷೆ, ಕುತ್ತಿಗೆಯ ಕೊಳವೆ ಇವೆಲ್ಲ ಬೇರೆಯಾ? ಎರಡನೇ ಡಯಾಲಿಸಿಸ್ ಆದ ಮೇಲೆ ನಿಲ್ಲಿಸಿದರೆ ಎಷ್ಟು ಕಟ್ಟಬೇಕು? ಅಂದಾಜನ್ನು ಬರವಣಿಗೆಯಲ್ಲಿ ಕೊಡುತ್ತೀರಾ? ಕೊನೆಗೆ ಒಂದು ಮಾತು: "ಇದು ನಿಮ್ಮ ನಾಯಿ ಆಗಿದ್ದರೆ ಏನು ಮಾಡ್ತಿದ್ರಿ?" ನಮ್ಮಂಥವರಿಗೆ ಇದು ಮುಜುಗರದ ಪ್ರಶ್ನೆ, ನಿಜ. ಆದರೂ ಕೇಳಿ. ಯಂತ್ರ ತೋರಿಸಿ ಮಾತಾಡುತ್ತಿದ್ದವರು ಆಗ ನಾಯಿಯನ್ನು ನೋಡಿ ಮಾತಾಡುತ್ತಾರೆ. ಕಡಿಮೆ ಖರ್ಚಿನ ದಾರಿ ಇದ್ದರೂ ಬಹಳ ಡಾಕ್ಟರುಗಳು ತಾವಾಗಿ ಹೇಳುವುದಿಲ್ಲ. ಇವರು ದೊಡ್ಡ ಚಿಕಿತ್ಸೆಯೇ ಬೇಕು ಅಂತ ಬಂದಿದ್ದಾರೆ, ಸಣ್ಣದನ್ನು ಹೇಳಿದರೆ ಬೇಜಾರಾಗುತ್ತಾರೆ ಎಂದುಕೊಳ್ಳುತ್ತಾರೆ. "ನಮ್ಮ ಹತ್ತಿರ ಇರೋದು ಇಷ್ಟು, ಇಷ್ಟರಲ್ಲಿ ಏನು ಮಾಡಬಹುದು?" ಎಂದು ನೀವೇ ಬಾಯಿ ತೆರೆಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ.

ಇನ್ಷೂರೆನ್ಸ್ ಬಗ್ಗೆ ಓದುಗರು ಆಗಾಗ ಕೇಳುತ್ತಾರೆ. ನಮ್ಮ ದೇಶದಲ್ಲಿ ಈಗ ನಾಯಿಗೂ ಪಾಲಿಸಿ ಸಿಗುತ್ತದೆ. ಆದರೆ ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಗೆ ಹಣ ಬರುವುದಿಲ್ಲ, ವಯಸ್ಸಾದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳುವುದೂ ಕಷ್ಟ. ಕರಿಯನಿಗೆ ಈಗ ಉಪಯೋಗವಿಲ್ಲ.

ಅತ್ತೆಯವರ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. "ಬೀದಿ ನಾಯಿಗಾ" ಎನ್ನುವುದು ಸರಿಯಲ್ಲ, ಮೂವತ್ತು ಸಾವಿರ ಕೊಟ್ಟು ತಂದ ನಾಯಿಯ ಕಿಡ್ನಿಯೂ ಇದೇ ಥರ ಕೆಡುತ್ತದೆ. ಆದರೆ ಆ ಮಾತಿನೊಳಗೆ ಮನೆಯ ಖರ್ಚಿನ ಭಯ ಇರುತ್ತದೆ, ಅದು ಸುಳ್ಳು ಭಯವಲ್ಲ. ಮಾತಾಡದೆ ಕೂತಿರುವ ನಿಮ್ಮ ಯಜಮಾನರಿಗೂ ಬಹುಶಃ ಅದೇ ಭಯ. ಬೇಡ ಎಂದರೆ ಮಗಳ ಕಣ್ಣಿಗೆ ಕಟುಕ ಆಗುತ್ತೇನೆ, ಹೂಂ ಎಂದರೆ ಅಂಗಡಿ ನಡೆಸುವುದು ಹೇಗೆ ಎಂದು.

ಸ್ಕ್ಯಾನಿನಲ್ಲಿ ಹಳೆಯ ಕಾಯಿಲೆ ಎಂದೇ ಬಂದರೆ? ಆಗಲೂ ಕೈಚೆಲ್ಲುವುದೊಂದೇ ದಾರಿಯಲ್ಲ. ಮೊದಲು ಕೆಲವು ದಿನ ಡ್ರಿಪ್ ಹಾಕಿ ನೋಡಬೇಕು, ಒಣಗಿದ್ದರಿಂದ ಏರಿದ ಪಾಲು ಎಷ್ಟೆಂದು ಆಗ ತಿಳಿಯುತ್ತದೆ. 7.2 ಇದ್ದದ್ದು 4ಕ್ಕೆ ಇಳಿದು ನಿಂತರೆ ಮನೆಯಲ್ಲೇ ನೋಡಿಕೊಂಡು ತಿಂಗಳುಗಳನ್ನು ಚೆನ್ನಾಗಿ ಕಳೆಯಬಹುದು. ವಾಂತಿ ನಿಲ್ಲಿಸುವ ಮಾತ್ರೆ, ಹಸಿವು ಹುಟ್ಟಿಸುವ ಮಾತ್ರೆ, ಆಹಾರದ ರಂಜಕವನ್ನು (ಫಾಸ್ಫರಸ್) ಹಿಡಿದಿಡುವ ಔಷಧ, ಬಿಪಿ ಇದ್ದರೆ ಅದಕ್ಕೊಂದು. ಡಾಕ್ಟರ ಹತ್ತಿರ ಒಂದು ಕೆಲಸ ಕಲಿತುಕೊಳ್ಳಿ: ಸಲೈನ್ ಬಾಟಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ, ಕೆಳಗೆ ಸೂಜಿ ಹಾಕಿ ನೀರು ಬಿಡುವುದು. ಕೇಳಲು ಭಯ, ಮಾಡಲು ಸುಲಭ. ಅರವತ್ತು ದಾಟಿದ ಅಜ್ಜಿಯರೂ ಕಲಿತಿದ್ದಾರೆ. ಆದರೆ ಕೊನೆಯ ಹಂತದಲ್ಲೇ ನಿಂತುಬಿಟ್ಟರೆ ಸಿಗುವುದು ವಾರಗಳು, ಹೆಚ್ಚೆಂದರೆ ಕೆಲವು ತಿಂಗಳು. ಅದನ್ನು ತಿಳಿದೇ ಮುಂದುವರಿಯಿರಿ.

ಊಟದ ವಿಷಯದಲ್ಲಿ ಜನ ತುಂಬಾ ಕಟ್ಟುನಿಟ್ಟು ಮಾಡಿ ನಾಯಿಯನ್ನು ಉಪವಾಸ ಕೆಡವುತ್ತಾರೆ. ಕಿಡ್ನಿಯ ವಿಶೇಷ ಆಹಾರ ತಿಂದರೆ ಒಳ್ಳೆಯದೇ. ತಿನ್ನದಿದ್ದರೆ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿಭಾಗ, ಸ್ವಲ್ಪ ತುಪ್ಪ. ಮೂಳೆ, ಲಿವರ್, ಉಪ್ಪಿನ ಬಿಸ್ಕತ್ತು ಬೇಡ. ಎಲ್ಲ ಬಿಟ್ಟು ಮೊಸರನ್ನ ಮಾತ್ರ ತಿನ್ನುತ್ತೇನೆ ಎಂದರೆ ಮೊಸರನ್ನವೇ ಕೊಡಿ. ಹೊಟ್ಟೆ ಖಾಲಿ ಇರುವುದಕ್ಕಿಂತ ಅದು ಮೇಲು.

ಎಲ್ಲಿಯವರೆಗೆ ಮುಂದುವರಿಸುವುದು ಎನ್ನುವುದಕ್ಕೆ ಒಂದು ಅಳತೆಯಿದೆ. ಪ್ರಾಣಿಗಳ ಕ್ಯಾನ್ಸರ್ ವೈದ್ಯೆ, ಅಮೆರಿಕದ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಮಾಡಿದ್ದು. ನೋವು, ಹಸಿವು, ಮೈಯ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯೇ ಎನ್ನುವುದು, ಹೀಗೆ ಏಳು ವಿಷಯ. ಒಂದೊಂದಕ್ಕೂ ಹತ್ತಕ್ಕೆ ಅಂಕ, ಚೆನ್ನಾಗಿದ್ದಷ್ಟೂ ಜಾಸ್ತಿ. ಎಪ್ಪತ್ತಕ್ಕೆ ಮೂವತ್ತೈದು ದಾಟಿದರೆ ಮುಂದುವರಿಸಬಹುದು ಎನ್ನುವುದು ಅವರ ಲೆಕ್ಕ. ಅಂಕಿಯ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ. ಆದರೆ ನಿಮ್ಮಂಥ ಮನೆಗೆ ಇದು ಬಹಳ ಉಪಯೋಗ. ನೀವು, ಯಜಮಾನರು, ಮಗಳು, ಅತ್ತೆ ನಾಲ್ವರೂ ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಹೋಲಿಸಿ ನೋಡಿ. "ನಿನಗೆ ಪ್ರೀತಿ ಇಲ್ಲ", "ನಿನಗೆ ಬುದ್ಧಿ ಇಲ್ಲ" ಎಂಬ ಜಗಳ ಹೋಗಿ, ನಿನ್ನೆ ಬಾಲ ಅಲ್ಲಾಡಿಸಿದನಾ ಇಲ್ಲವಾ ಎಂಬ ಮಾತು ಶುರುವಾಗುತ್ತದೆ. ಅತ್ತೆ ಎಲ್ಲರಿಗಿಂತ ಜಾಸ್ತಿ ಅಂಕ ಕೊಟ್ಟರೆ ಆಶ್ಚರ್ಯಪಡಬೇಡಿ. ಹಗಲೆಲ್ಲಾ ಅವನ ಜೊತೆ ಮನೆಯಲ್ಲಿರುವವರು ಬಹುಶಃ ಅವರೇ ಅಲ್ವಾ?

ಈಗ ಪಾಪದ ಪ್ರಶ್ನೆ. ಡಯಾಲಿಸಿಸ್ ಮಾಡಿಸದಿದ್ದರೆ ಪಾಪವಲ್ಲ. ನೋವಿನಲ್ಲಿರುವ ನಾಯಿಯನ್ನು ಏನೂ ಮಾಡದೆ ಹಾಗೇ ಬಿಡುವುದು ಮಾತ್ರ ತಪ್ಪು. "ಸಹಜವಾಗಿ ಹೋಗಲಿ" ಎಂದು ಬಹಳ ಜನ ಹೇಳುತ್ತಾರೆ. ಕಿಡ್ನಿ ಕೆಟ್ಟ ನಾಯಿಯ ಸಹಜ ಸಾವು ನಿದ್ದೆಯಲ್ಲಿ ಬರುವುದಿಲ್ಲ. ಬಾಯಲ್ಲಿ ಹುಣ್ಣು, ನಿಲ್ಲದ ವಾಂತಿ, ಕೊನೆಗೆ ಫಿಟ್ಸ್. ದಿನಗಟ್ಟಲೆ ಎಳೆಯುತ್ತದೆ. ಇನ್ನು ಕೆಲವರು ಯಾವುದೋ ಆಸ್ಪತ್ರೆಯ ಗೇಟಿಗೆ ಕಟ್ಟಿ ಬರುತ್ತಾರೆ. ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಹಾಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ದಯಾಮರಣದ ವಿಷಯದಲ್ಲಿ ನಮ್ಮ ಜನಕ್ಕೆ ಅಳುಕು ಜಾಸ್ತಿ. ಅಹಿಂಸೆ ಎಂದರೆ ಮೊದಲು ನೆನಪಾಗುವ ಗಾಂಧೀಜಿಯವರೇ 1928ರಲ್ಲಿ ಸಾಬರಮತಿ ಆಶ್ರಮದಲ್ಲಿ, ಗುಣವಾಗದೆ ನರಳುತ್ತಿದ್ದ ಕರುವೊಂದಕ್ಕೆ ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಸಾವು ತರಿಸಿದರು. ದೇಶದಲ್ಲಿ ದೊಡ್ಡ ಗಲಾಟೆಯಾಯಿತು, ಬೈದು ಬರೆದ ಪತ್ರಗಳು ಬಂದವು. ಆ ನರಳಾಟವನ್ನು ಮುಗಿಸಿದ್ದೇ ಅಹಿಂಸೆ ಎಂದು ಅವರು ತಮ್ಮ ಪತ್ರಿಕೆಯಲ್ಲಿ ವಾದಿಸಿದರು. ನೀವು ಒಪ್ಪಬೇಕೆಂದೇನಿಲ್ಲ. ಆದರೆ ಪಾಪ ಎಂದು ಹೆದರಿಸುವವರಿಗೆ ಹೇಳಲು ಇರಲಿ.

ಹಾಗಂತ ಪಕ್ಕದ ಮನೆಯವರ ಮಾತು ಕೇಳಿ ಇವತ್ತೇ ಇಂಜೆಕ್ಷನ್ ಕೊಡಿಸಬೇಡಿ. ಸ್ಕ್ಯಾನ್ ನೋಡದೆ, ಇಲಿ ಜ್ವರ ಹೌದೋ ಅಲ್ಲವೋ ತಿಳಿಯದೆ ಆ ತೀರ್ಮಾನಕ್ಕೆ ಬರುವುದು ಅವಸರ. ಬರಲೇಬೇಕಾದರೆ ನೋಂದಾಯಿತ ಪಶುವೈದ್ಯರೇ ಮಾಡಬೇಕು. ಮೊದಲು ಮಂಪರು ಬರಿಸುವ ಇಂಜೆಕ್ಷನ್, ಆಮೇಲೆ ರಕ್ತನಾಳಕ್ಕೆ ಜಾಸ್ತಿ ಪ್ರಮಾಣದ ಅರಿವಳಿಕೆ. ಕೆಲವೇ ಕ್ಷಣದಲ್ಲಿ ಪ್ರಜ್ಞೆ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಆಮೇಲೆ ಒಂದೆರಡು ಸಲ ಉಸಿರೆಳೆದ ಹಾಗೆ ಆಗಬಹುದು. ಅದು ನೋವಲ್ಲ. ಮುಂಚೆಯೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಪ್ರಜ್ಞೆ ತಪ್ಪಿಸದೆ ನೇರವಾಗಿ ಉಸಿರನ್ನೋ ಹೃದಯವನ್ನೋ ನಿಲ್ಲಿಸುವ ಅಗ್ಗದ ಔಷಧ ಚುಚ್ಚುವವರೂ ಅಲ್ಲಲ್ಲಿ ಇದ್ದಾರೆ. ಯಾವ ಔಷಧ ಎಂದು ಕೇಳಿ, ಅರಿವಳಿಕೆ ಅಲ್ಲದಿದ್ದರೆ ಬೇಡ ಎನ್ನಿ.

ಮಗಳಿಂದ ಏನನ್ನೂ ಮುಚ್ಚಿಡಬೇಡಿ. ಸರ ಮಾರಿ ಎನ್ನುವಷ್ಟು ದೊಡ್ಡವಳಾಗಿದ್ದಾಳೆ, ಸ್ಕ್ಯಾನ್ ರಿಪೋರ್ಟನ್ನು ಡಾಕ್ಟರ ಎದುರು ಕೂತು ಕೇಳುವಷ್ಟೂ ದೊಡ್ಡವಳೇ. ಕಾಲೇಜಿಗೆ ಹೋದಾಗ ಕರಿಯನನ್ನು ಸಾಗಿಸಿ, "ಯಾರದೋ ತೋಟಕ್ಕೆ ಬಿಟ್ಟು ಬಂದ್ವಿ" ಎಂಬ ಕಥೆಯಂತೂ ಬೇಡವೇ ಬೇಡ.

ಹಾಗಾದರೆ ನಿಮಗೆ ನನ್ನ ಸಲಹೆ: ಈಗ ಪಶುವೈದ್ಯ ಕಾಲೇಜಿನಲ್ಲಿ ಸ್ಕ್ಯಾನ್, ಮೂತ್ರ, ಇಲಿ ಜ್ವರದ ಪರೀಕ್ಷೆ. ಹೊಸ ಪೆಟ್ಟಾಗಿದ್ದು ಮೂತ್ರ ಬರುತ್ತಿದ್ದರೆ, ನೀವು ಚೀಟಿಯಲ್ಲಿ ಬರೆದ ಮೊತ್ತದೊಳಗೆ ಡ್ರಿಪ್ ಮತ್ತು ಔಷಧದಿಂದ ಪೂರ್ತಿ ಪ್ರಯತ್ನ ಮಾಡಿ. ಗೆಲ್ಲುವ ಸಾಧ್ಯತೆ ಇರುವ ಜಾಗ ಅದೇ. ಮೂತ್ರ ನಿಂತಿದ್ದು, ಡಯಾಲಿಸಿಸ್ ಒಂದೇ ದಾರಿ ಎಂದಾದರೆ ನಿಮ್ಮ ಪರಿಸ್ಥಿತಿಯಲ್ಲಿ ನಾನು ಬೇಡ ಎನ್ನುತ್ತೇನೆ. ಕೈಯಲ್ಲಿ ದುಡ್ಡಿರುವ ಮನೆಗೆ ಇದೇ ಪ್ರಶ್ನೆಗೆ ಮಾಡಿಸಿ ಎನ್ನುತ್ತಿದ್ದೆ. ಇದು ಅನ್ಯಾಯವೇ, ಆದರೆ ನಿಮ್ಮ ತಪ್ಪಲ್ಲ. ಹಳೆಯ ಕಾಯಿಲೆಯಾದರೆ ಬೆಂಗಳೂರನ್ನು ಮರೆತು ಮನೆಯಲ್ಲೇ ನೋಡಿಕೊಳ್ಳಿ, ಅಂಕ ಹಾಕುತ್ತಾ ಹೋಗಿ.

ಇನ್ನು ಆ ಹೆಣ್ಣು ನಾಯಿ. ಕರಿಯನಿಗೆ ಇಲಿ ಜ್ವರ ಎಂದು ಗೊತ್ತಾದರೆ, ಅದೇ ಅಂಗಳದಲ್ಲಿ ಅದೇ ನೀರು ಕುಡಿದ ಅವಳಿಗೂ ಎರಡು ವಾರದ ಡಾಕ್ಸಿಸೈಕ್ಲಿನ್ ಬೇಕಾಗುತ್ತದೆ, ಲಕ್ಷಣ ಇಲ್ಲದಿದ್ದರೂ. ಡಾಕ್ಟರನ್ನು ಕೇಳಿ ಪ್ರಮಾಣ ಬರೆಸಿಕೊಳ್ಳಿ, ಅವಳು ಬಸುರಿಯಾಗಿದ್ದರೆ ಮುಂಚೆಯೇ ಹೇಳಿ. ಅವಳ ಲಸಿಕೆ ಕಾರ್ಡನ್ನೂ ತೆಗೆದು ನೋಡಿ. ರೇಬಿಸ್ ಒಂದೇ ಹಾಕಿಸಿದ್ದರೆ ಸಾಲದು, ಲೆಪ್ಟೊ ಸೇರಿರುವ ಲಸಿಕೆ ಬೇಕು. ಮೊದಲ ಸಲ ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ. ಎಲ್ಲ ತಳಿಯ ಲೆಪ್ಟೊವನ್ನು ಅದು ತಡೆಯುವುದಿಲ್ಲ, ಹಾಗಾಗಿ ಅಂಗಡಿಯ ಹಿಂದಿನ ಇಲಿಗಳಿಗೂ ಒಂದು ದಾರಿ ಮಾಡಿ, ರಾತ್ರಿ ನಾಯಿಯ ಅನ್ನದ ತಟ್ಟೆಯನ್ನು ಹೊರಗೆ ಬಿಡಬೇಡಿ.